ತಕ್ಕಡಿಯಿಲ್ಲದ ಮೀನಂಗಡಿ

"ತಿಂಗಳ ಚಂದಾ ಇಲ್ಲ, ಚಿಕ್ಕಾಸೂ ಬೇಡ,
ಬಿಟ್ಟಿ ಆಟ" ಅಂದ ಎಲ್ಮಾರ್,
ಅನ್ನದ ತಟ್ಟೆಯಿಂದ ತಲೆಯೆತ್ತದೆ.
ಬಂತಾಯಾನ್ ದ್ವೀಪದ ಈ ದಕ್ಕೆಯಲ್ಲಿ
ಇಪ್ಪತ್ತೆರಡು ವರ್ಷ ಒಣಮೀನು ತೂಗಿದವಳು ನಾನು.
ಬಿಟ್ಟಿ ಅನ್ನುವುದು ನೊಣಕ್ಕೆ ಮಾತ್ರ ಅಂತ ಗೊತ್ತು.
ನಡಿ, ನೋಡೇಬಿಡ್ತೀನಿ ಅಂದೆ.

ಮಾನಾಂಗ್ ಕಿರಿನಾಳ ತಗಡಿನ ಅಂಗಡಿ.
ಆರು ಪರದೆ, ನಾಣ್ಯ ನುಂಗುವ ಆರು ಬಾಯಿ.
ಒಂದು ಪೆಸೊ ಹಾಕಿದರೆ ಐದು ನಿಮಿಷ;
ಕೆಂಪು ಅಂಕಿ ಇಳಿಯುತ್ತ ಹೋಗುತ್ತದೆ
ಬಿಸಿಲಿಗೆ ಹರವಿದ ಮೀನಿನ ತೂಕದ ಹಾಗೆ.

ಹೆಸರೇನು ಅಂತ ಕೇಳಿತು ಆಟ.
ನಾನು ಮಾರುವ ಮೀನಿನ ಹೆಸರೇ ಕೊಟ್ಟೆ, ದಂಗ್ಗಿತ್.
ಆ ಹೆಸರಿನವರು ಆಗಲೇ ಇದ್ದಾರಂತೆ.
ದಂಗ್ಗಿತ್ ಎಪ್ಪತ್ತೇಳು ಆದೆ.
ಮುಖ ಆರಿಸಿಕೋ ಅಂದಿತು:
ಹದಿನಾರು ಮೂಗು, ಒಂದೂ ನನ್ನದಲ್ಲ.
ಚೂಪು ಕಿವಿ, ಹಿಡಿ ಸೊಂಟ, ಕೈಯಲ್ಲೊಂದು ಮಂತ್ರದ ಕೋಲು.
ಮಂಡಿನೋವು ಮಾತ್ರ
ಪ್ಲಾಸ್ಟಿಕ್ ಕುರ್ಚಿಯಲ್ಲೇ ಉಳಿಯಿತು.

ಚೆಂದವೇ ಇದೆ, ಸುಳ್ಳು ಹೇಳಬಾರದು.
ಎರಡು ಚಂದ್ರರ ಆಕಾಶ,
ಕಾಲಿಟ್ಟ ಕಡೆ ಹುಟ್ಟಿಕೊಳ್ಳುವ ಸೇತುವೆ.
"ಇಲ್ಲಿ ಹಾರು, ಅಲ್ಲಿ ಹೊಡಿ" ಅನ್ನುತ್ತಿದ್ದ ಮಗ.
ನನ್ನ ಕಣ್ಣು ಹೋದದ್ದು
ಬಂದರಿನ ಮೂಲೆಯ ಮೀನಂಗಡಿಗೆ.

ನೀಲಿ ಗಡ್ಡದವನೊಬ್ಬ ನಿಂತಿದ್ದ.
ನೊಣ ಇಲ್ಲ, ನಾತ ಇಲ್ಲ, ತಕ್ಕಡಿಯೂ ಇಲ್ಲ.
ದೊಡ್ಡ ಮೀನಿಗೂ ಎಂಟು ಬೆಳ್ಳಿ, ಸಣ್ಣದಕ್ಕೂ ಎಂಟು.
ಆರಕ್ಕೆ ಕೊಡಪ್ಪ ಅಂದೆ.
ಇದ್ದದ್ದು ಎರಡೇ ಗುಂಡಿ: ಹೌದು, ಇಲ್ಲ.
ಬೆನ್ನು ತಿರುಗಿಸಿ ಹೊರಟಂತೆ ಮಾಡಿದೆ.
ಕರೆಯಲಿಲ್ಲ!
ನನ್ನ ಈ ವಿದ್ಯೆ ನೀರಿಗೆ ಬಿದ್ದದ್ದು ಇದೇ ಮೊದಲು.
ಇನ್ನೂ ಎರಡು ಪೆಸೊ ಹಾಕಿದೆ, ಬರೀ ಅವನನ್ನು ಬಗ್ಗಿಸಲಿಕ್ಕೆ.

ಪಕ್ಕದಲ್ಲಿದ್ದ ಕುಳ್ಳ ಯೋಧ, ಯಾವ ಸೀಮೆಯವನೋ,
ಹೊಟ್ಟೆ ಹಿಡಿದು ನಕ್ಕು
ಆರು ಮೀನು ನನ್ನ ಚೀಲಕ್ಕೆ ಸುರಿದು ಓಡಿಹೋದ.
ಇದನ್ನು ಒಂದು ತಟ್ಟೆಗೆ ಹಾಕಿಟ್ಟೆ.

ಆಮೇಲೆ ಬಂತು ಕೋಡಿನ ಕುದುರೆ.
"ಅದಕ್ಕೆ ನಾಲ್ಕುನೂರು ಪೆಸೊ, ನಿಜವಾದ ಪೆಸೊ."
ಬಿಟ್ಟಿ ಅಂದೆಯಲ್ಲೋ?
"ನಡೆದರೆ ಬಿಟ್ಟಿ, ಹತ್ತಿದರೆ ದುಡ್ಡು."
ಸರಿ, ಅದು ನ್ಯಾಯ. ಜೀಪ್ನಿಯೂ ಹಾಗೇ ಅಲ್ಲವೆ.
ಅದರ ಪಕ್ಕ ಒಂದು ಪೆಟ್ಟಿಗೆ, ಬೀಗ ಮಿರಮಿರ.
ಒಳಗೇನಿದೆ?
"ತೆಗೆದ ಮೇಲೇ ಗೊತ್ತಾಗೋದು. ಐವತ್ತು ಪೆಸೊ."
ಮುಚ್ಚಿದ ಬುಟ್ಟಿ ಕೊಳ್ಳುವವರು
ನನ್ನ ಅಂಗಡಿಗೆ ಒಬ್ಬರೂ ಬಂದಿಲ್ಲ.
ಬಂದಿದ್ದರೆ
ಈ ಹೊತ್ತಿಗೆ ಮನೆಗೆ ಮಾಳಿಗೆ ಏರಿಸಿರುತ್ತಿದ್ದೆ.

ಚೌಕದ ತುಂಬ ಬರಿಗಾಲಿನ ಹುಡುಗರು ಓಡುತ್ತಿದ್ದರು,
ನಡುವೆ ಒಬ್ಬ ಕೋಡುಗುದುರೆಯ ಮೇಲೆ, ಸುಮ್ಮನೆ ನಿಂತು.
ಇವರು ಇಲ್ಲದಿದ್ದರೆ ಅವನ ಗತ್ತು ಯಾರಿಗೆ?
ಆಗ ಹೊಳೆಯಿತು:
ನನ್ನ ಮಗ ಬಿಟ್ಟಿ ಆಡುತ್ತಿಲ್ಲ,
ಬಿಟ್ಟಿ ದುಡಿಯುತ್ತಿದ್ದಾನೆ,
ಇನ್ನೊಬ್ಬನ ಕುದುರೆಗೆ ನೋಡುವ ಕಣ್ಣಾಗಿ.
ಮಾತು ಒಂದೇ, ಬಿಟ್ಟಿ.
ಯಾವ ಕಡೆ ಹಿಡಿದರೆ ಯಾರಿಗೆ ಭಾರ ಅಷ್ಟೆ.

ಮುಳ್ಳು ಆ ಕಡೆ ಈ ಕಡೆ ತೂಗಾಡಿತು.
ಆರು ಮೀನಿನ ತಟ್ಟೆ
ಅಂದುಕೊಂಡಷ್ಟು ಮೇಲೇಳಲಿಲ್ಲ.

ದಿನಕ್ಕೆ ಆರು ಪೆಸೊ, ಪೆಟ್ಟಿಗೆ ಮುಟ್ಟಿದರೆ ಕೈ ಮುರೀತೀನಿ,
ಅಂದೆ ದಾರಿಯಲ್ಲಿ.
ಅವನು ಸ್ವಲ್ಪ ದೂರ ಸುಮ್ಮನೆ ನಡೆದು
"ಮೋಸ ಅಂತ ಅಷ್ಟು ಬೇಗ ಹೇಗೆ ಗೊತ್ತಾಯ್ತು?" ಅಂದ.
ವಯಸ್ಸು ಕಣೋ ಅಂದೆ.

ಬೆಳಗ್ಗೆ ದಕ್ಕೆಯಲ್ಲಿ, ಮೊದಲ ಗಿರಾಕಿಗೆ ಮುಂಚೆ,
ತಕ್ಕಡಿ ತಟ್ಟೆಯ ಅಡಿಗೆ ಬೆರಳಾಡಿಸಿದೆ.
ಇಪ್ಪತ್ತು ಗ್ರಾಂ ಮೇಣ,
ಅಮ್ಮ ಅಂಟಿಸಿ ಹೋದದ್ದು.
ಉಗುರಿನಲ್ಲಿ ಒಂದು ಅಂಚು ಎಬ್ಬಿಸಿದೆ.
ಅಷ್ಟರಲ್ಲಿ ಸೆಬುವಿನ ದೋಣಿ ಬಂತು,
ಜನ ಇಳಿಯತೊಡಗಿದರು.